ದೆವ್ವದ ಆಟ, ಗ್ಯಾಲರಿ ತುದಿಯ ಸಂಡಾಸು

ಘಾಟ್ಕೋಪರದ ನಮ್ಮ ಚಾಳಿನಲ್ಲಿ ಆಗ ವಿಡಿಯೋ ಗೇಮ್ ಇದ್ದದ್ದು ಒಂದೇ ಖೋಲಿಯಲ್ಲಿ, ಪಕ್ಕದ ಗುಜರಾತಿಯವರಲ್ಲಿ. ಗ್ರಾಂಟ್ ರೋಡಿನಿಂದ ತಂದದ್ದು. ಟೀವಿಗೆ ಜೋಡಿಸಿ, ಕ್ಯಾಸೆಟ್ ತುರುಕಿ, ಗುಂಡಿ ಒತ್ತುತ್ತ ಕೂಡೋದು. ಅದರೊಳಗೆ ಒಂದು ದೆವ್ವದ ಆಟ. ಪಾಳುಬಿದ್ದ ಬಂಗಲೆ, ಗೋಡೆಯೊಳಗಿಂದ ಕೈ ಚಾಚುವ ಹೆಣಗಳು.

ಆ ಮನೆಯ ಹುಡುಗಿ ನನ್ನ ಮೊಮ್ಮಗಳಿಗೆ ಇದ್ದ ಒಬ್ಬಳೇ ಗೆಳತಿ. ಮೊಮ್ಮಗಳು ಬಿಜಾಪುರ ಕಡೆ ತಾಯಿಯ ತವರಲ್ಲಿ ಬೆಳೆದು, ಒಂಬತ್ತನೇ ಇಯತ್ತೆಗೆ ಮುಂಬೈಗೆ ಬಂದವಳು. ಹಿಂದಿ ತೊದಲುತ್ತಿತ್ತು, ಶಾಲೆಯಲ್ಲಿ ನಗುತ್ತಿದ್ದರು. ಗೆಳತಿ ಸಂಜೆಯೆಲ್ಲ ಆ ಆಟದ ಮುಂದೆ. ಅಲ್ಲಿಗೆ ಹೋಗಬೇಡ ಅಂದರೆ ಇವಳು ಮತ್ತೆ ಖೋಲಿಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಒಬ್ಬಳೇ ನಿಲ್ಲಬೇಕು.

ಮಗ ಬೇಡವೇ ಬೇಡ ಅಂದ. "ಹೆಣಾ ನೋಡಿ ಜ್ವರಾ ಬಂದ್ರ?"

"ಎಲ್ಲಾ ಹುಡುಗ್ರೂ ಆಡ್ತಾವ. ಇಕಿನ್ನ ಮನ್ಯಾಗ ಕೂಡಿಸಿ ಉಪ್ಪಿನಕಾಯಿ ಹಾಕ್ತೀರೇನು?" ಅಂದಳು ಸೊಸೆ.

"ಇಬ್ರೂ ಆ ಆಟ ನೋಡಿಲ್ಲ. ನೋಡದ ಹೆಣಕ್ಕ ಯಾಕ ಜಗಳಾಡ್ತೀರಿ?" ಅಂದೆ ನಾನು. ಮರುದಿನ ಸಂಜೆ ಮಗನನ್ನು ಎಬ್ಬಿಸಿಕೊಂಡು, ಮೊಮ್ಮಗಳ ಜೊತೆ ಅವರ ಖೋಲಿಗೆ ಹೋದೆ. ಸುಮ್ಮನೆ ಕೂಡಲು ಬರುವುದಿಲ್ಲ ನನಗೆ, ಬಿಡಿಸೋಕೆ ಒಂದು ಬುಟ್ಟಿ ಬೆಳ್ಳುಳ್ಳಿ ಒಯ್ದಿದ್ದೆ.

ನಾನು ಟೀವಿ ನೋಡಿದ್ದು ಕಮ್ಮಿ, ಮೊಮ್ಮಗಳ ಮುಖ ನೋಡಿದ್ದು ಹೆಚ್ಚು. ಹೆಣ ಹಾರಿ ಬಂದಾಗ ಇಬ್ಬರೂ ಚೀರಿ ಒಬ್ಬರಿಗೊಬ್ಬರು ತೆಕ್ಕೆ ಬಿದ್ದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಭಾಗ್, ಪೀಛೆ ದೇಖ್!" ಓಡು, ಹಿಂದೆ ನೋಡು ಅಂತ ನಮ್ಮಾಕಿ ಹಿಂದಿಯಲ್ಲೇ ಗೆಳತಿಗೆ ಹುಕುಂ ಮಾಡುತ್ತಿದ್ದಳು. ತೊದಲು ಎಲ್ಲಿ ಹೋಗಿತ್ತೋ.

"ಆ ಹೆಣ ಯಾರದಬೇ?"

"ಆಟದ್ದಜ್ಜಿ. ಸ್ವಿಚ್ ಬಂದ್ ಮಾಡಿದ್ರ ಸತ್ತು ಹೋಗ್ತದ."

"ಹೆಣ ಮತ್ತ ಸಾಯ್ತದೇನು?"

ಮತ್ತೆ ನಗು. ಮಗ ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದ. ಸೆಕೆ ಇರಬೇಕು ಅಂದುಕೊಂಡೆ.

ಜನ ಇದ್ದಾಗ ಯಾರಾದರೂ ನಗುತ್ತಾರೆ. ಅಂಜಿಕೆ ಒಳಗೆ ಕೂತಿದೆಯೋ ಇಲ್ಲವೋ ಅನ್ನೋದು ಒಬ್ಬರೇ ಇದ್ದಾಗ ಗೊತ್ತಾಗೋದು. ಚಾಳಿನಲ್ಲಿ ಮನುಷ್ಯ ಒಬ್ಬನೇ ಇರುವ ಜಾಗ ಸಂಡಾಸು ಒಂದೇ. ಅದು ಗ್ಯಾಲರಿಯ ತುದಿಗೆ, ಬಲ್ಬು ಸುಟ್ಟು ಹೋಗಿತ್ತು. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಜೋಡಿ ಕರೆದುಕೊಂಡೇ ಹೋಗುವ ರೂಢಿ. ಮನೆಗೆ ಬಂದು ಸೊಸೆಯ ಕಿವಿಯಲ್ಲಿ ಹೇಳಿದೆ: "ಇವತ್ತ ನಾವು ಯಾರೂ ಏಳೂದು ಬ್ಯಾಡ. ಜೋಡಿ ಬಾ ಅಂತ ಹುಡುಗಿ ಕರದ್ರ ಆಟ ಬಂದ್. ಒಬ್ಬಾಕೇ ಹ್ವಾದ್ರ ಆಡ್ಲಿ."

ದೀಪ ಹಚ್ಚಿದ ಮೇಲೆ ಹುಡುಗಿ ಡಬ್ಬಾಕ್ಕೆ ನೀರು ತುಂಬಿದಳು. ಬಾಗಿಲಲ್ಲಿ ನಿಂತು ತಾಯಿಯ ಕಡೆ ನೋಡಿದಳು. ಸೊಸೆ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ಕರೆದಳೋ ಮುಗೀತು, ಮಾತಂದರೆ ಮಾತು.

"ಅವ್ವಾ, ಎರಡು ರೊಟ್ಟಿ ಸಾಕು ನನಗ," ಅಂದು ಚಪ್ಪಲಿ ಬಡಿಯುತ್ತ ಒಬ್ಬಳೇ ಹೋದಳು. ಹಾಡು ಗುನುಗುತ್ತ ಬಂದಳು.

ಸೊಸೆ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆಗ ಮಗ ಎದ್ದು ಡಬ್ಬಾ ಹಿಡಿದ. ಹೊಸ್ತಿಲಲ್ಲಿ ನಿಂತ, ನಿಂತೇ ಇದ್ದ.

"ಅವ್ವಾ, ಹೊರಗ ಗಾಳಿ ಚಲೋ ಬೀಸಾಕತ್ತದ. ಗ್ಯಾಲರಿಗೆ ಬರ್ತೀಯೇನು?"

ಸೊಸೆಯ ನಗುವಿನಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಹುಡುಗಿಯೇ ಎದ್ದಳು. "ನಡೀ ಪಪ್ಪಾ, ನಾ ಬರ್ತೀನಿ."

ಮರುದಿನ ಗೆಳತಿ ಬಾಗಿಲಿಗೆ ಬಂದು ಕರೆದಳು. ಮಗ ಪೇಪರಿನಿಂದ ತಲೆ ಎತ್ತದೆ "ಹೋಗು" ಅಂದ.