ಯಂತ್ರದ ಹೆಸರಿನಲ್ಲಿ ನಾನು ಹೇಳಿದ್ದು

ಸುನಂದಾ, ನಿನ್ನ ಮಿದುಳಿನ ಬಗ್ಗೆ ನಾನು ನಿಮ್ಮಪ್ಪನಿಗೆ ಹೇಳಿದ್ದು ಸುಳ್ಳು. ಅಂದು ಯಂತ್ರದಲ್ಲಿ ಏನೂ ಸರಿಯಾಗಿ ಮೂಡಿರಲೇ ಇಲ್ಲ.

ಓದಿನಿಂದಲೇ ಬಸವಳಿದ ವಿದ್ಯಾರ್ಥಿಗಳ ಮಿದುಳಿನ ಚಟುವಟಿಕೆ — ಅದು ನನ್ನ ಸಂಶೋಧನೆಯ ವಿಷಯ. ಚಿಕ್ಕೋಡಿಯ ಕಾಲೇಜೊಂದರ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಕೂತಿದ್ದೆ. ನೀನು ಎಂ.ಎಸ್ಸಿ. ಓದಲು ಉಗಾರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಂದು ಜೊತೆಗೆ ನಿಮ್ಮಪ್ಪನೂ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಬಂದಿದ್ದರು. ನಿನ್ನ ತಲೆಗೆ ಹಾಕಲಿದ್ದ ತಂತಿಗಳ ಟೊಪ್ಪಿಗೆ ನೋಡಿ, "ನಮ್ಮ ಟ್ರ್ಯಾಕ್ಟರ್‌ನಾಗೂ ಇಷ್ಟು ವಾಯರ್ ಇಲ್ಲಲ್ರಿ ಸರ!" ಎಂದು ನಕ್ಕರು.

ನೀನು ನಗಲಿಲ್ಲ. "ಅಕ್ಷರ ಕಾಣ್ತಾವರಿ ಸರ, ಒಳಗ ಹೋಗೂದಿಲ್ಲ. ಮುಂಜಾನೆ ಎದ್ದ ಕೂಡ್ಲೆ ಅಳು ಬರ್ತೈತಿ" ಎಂದಿದ್ದೆ.

ಓದಿ ಓದಿ ತಲೆ ಕಾದಿದೆಯೆಂದು ನಿಮ್ಮವ್ವ ನೆತ್ತಿಗೆ ಹರಳೆಣ್ಣೆ ತಟ್ಟಿ ಕಳಿಸಿದ್ದರು. ಆ ಎಣ್ಣೆಗೆ ತಂತಿಗಳು ಹಿಡಿಯಲಿಲ್ಲ. ಪರದೆಯ ಮೇಲೆ ಬರೀ ಗೀಚು. ತಲೆ ತೊಳೆದುಕೊಂಡು ಬಾ ಎಂದು ಹಿಂದಿನ ದಿನವೇ ಹೇಳಬೇಕಾದವನು ನಾನು. ಇಲ್ಲೇ ಹತ್ತಿರದ ಏಕಸಂಬಿಯಲ್ಲಿ ಬೆಳೆದವನು, ಪರೀಕ್ಷೆ ಬಂದಾಗಲೆಲ್ಲ ನನ್ನ ನೆತ್ತಿಗೂ ಎಣ್ಣೆ ಬೀಳುತ್ತಿತ್ತು — ಆದರೂ ಮರೆತಿದ್ದೆ. ಒಪ್ಪಿಕೊಳ್ಳಲು ನಾಚಿಕೆಯಾಯಿತು.

"ಏನ್ ತೋರಸ್ತೈತ್ರಿ?" ನಿಮ್ಮಪ್ಪ ಕೇಳಿದರು.

"ಏನೂ ಇಲ್ರಿ ಕಾಕಾ. ಎಲ್ಲಾ ಬರೋಬರ್ ಐತಿ."

"ಹಂಗಾರ ಮೈಗಳ್ಳತನ, ಹೌದಲ್ರಿ?"

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಆ ಪದ ನಿಜಕ್ಕೂ ಅವರದೋ, ನಾನೇ ಅವರ ಬಾಯಿಗಿಟ್ಟೆನೋ — ತಲೆಯಾಡಿಸಿದೆನೋ, ಸುಮ್ಮನೆ ತಂತಿ ಸುತ್ತುತ್ತಿದ್ದೆನೋ... ಎಲ್ಲವನ್ನೂ ಅನುಮಾನಿಸುವುದು ನನ್ನ ಅಭ್ಯಾಸ. ಆದರೆ ನೀನು ನನ್ನತ್ತ ನೋಡಿದೆ, ನಾನು ಮುಖ ತಿರುಗಿಸಿದೆ — ಅಷ್ಟಂತೂ ಆಯಿತು.

ಪರದೆಯ ಮೇಲೆ ಗೆರೆಗಳು ಸರಿಯಾಗಿ ಮೂಡಿದ್ದರೂ ಅವನ್ನಷ್ಟೇ ನೋಡಿ ಒಬ್ಬಳ ದಣಿವು ನಿಜವೋ ಸುಳ್ಳೋ ಎಂದು ಹೇಳುವಂತಿರಲಿಲ್ಲ. ನನಗೆ ಅದು ಗೊತ್ತಿತ್ತು. ನೀನು ಬಾಯಿಬಿಟ್ಟು ಹೇಳಿದ್ದೇ ಸಾಕಿತ್ತು.

ಆ ವರ್ಷ ನೀನು ಪರೀಕ್ಷೆಯ ನಡುವೆ ಎದ್ದುಹೋದವಳು ಮತ್ತೆ ಕಾಲೇಜಿಗೆ ಬರಲಿಲ್ಲವಂತೆ. ಇಷ್ಟು ವರ್ಷವಾದರೂ ನಿಮ್ಮ ಮನೆಯಲ್ಲಿ, "ಅಕೀಗೇನೂ ಆಗಿಲ್ಲ, ಮಿಷನ್ನೇ ಹೇಳೈತಿ" ಎನ್ನುತ್ತಾರೆಂದು ಮೊನ್ನೆ ನಿನ್ನ ಗೆಳತಿ ಹೇಳಿದಳು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹೇಳಿದವನು ನಾನು. ಭಾನುವಾರ ಉಗಾರಕ್ಕೆ ಬರುತ್ತೇನೆ. ನಿನಗೆ ನನ್ನ ಮುಖ ನೋಡುವುದು ಬೇಡವಾದರೆ ಒಳಗೆ ಕಾಲಿಡುವುದಿಲ್ಲ; ನಿಮ್ಮಪ್ಪನನ್ನು ಹೊರಗೆ ಕರೆದು, ನಿಮ್ಮ ಮಗಳು ಹೇಳಿದ್ದೇ ಖರೆ ಇತ್ತು ಎಂದು ಹೇಳಿ ಹೋಗುತ್ತೇನೆ.