ಸಕ್ಕರೆ ಕಾಯಿಲೆ ಕಲಿಯಲು ಹೋದ ಗುರುವಾರ

ಎಂಬತ್ತರ ದಶಕದ ಆರಂಭದಲ್ಲಿ ನಾನು ನ್ಯಾಮತಿಯ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ಆಸ್ಪತ್ರೆ ಎಂದರೆ ನಾನು, ಒಬ್ಬ ನರ್ಸ್, ಒಬ್ಬ ಜವಾನ ಮತ್ತು ಯಾರು ಹತ್ತಿದರೂ ಒಂದೇ ತೂಕ ತೋರಿಸುವ ಯಂತ್ರ. ಹೆರಿಗೆಗೆಂದು ತವರಿಗೆ ಬಂದ ಹೆಂಗಸೊಬ್ಬಳು ತೋರಿಸಿಕೊಳ್ಳಲು ಬಂದಳು. ಎಂಟು ತಿಂಗಳಾಗಿತ್ತು. ಹಿಂದಿನ ಎರಡು ಮಕ್ಕಳೂ ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ತೀರಿಕೊಂಡಿದ್ದವು.

"ಎರಡೂ ಗುಂಡ್‌ಗುಂಡಗಿದ್ವು ಡಾಕ್ಟ್ರಮ್ಮ, ಯಾರ ಕಣ್ಣು ಬಿತ್ತೋ" ಎಂದಳು.

ನನಗೆ ಸಕ್ಕರೆ ಕಾಯಿಲೆಯ ಅನುಮಾನ ಬಂತು. ಮೂತ್ರ ಹಾಕಿ ಕಾಯಿಸಿ ನೋಡುವ ನೀಲಿ ದ್ರಾವಣ ಮುಗಿದಿತ್ತು. "ಹೊನ್ನಾಳಿಯಿಂದ ತರಿಸಿಡ್ತೀನಿ. ಗುರುವಾರ ತಪ್ಪದೆ ಬಾರಮ್ಮ, ಈ ಮಗು ಉಳೀಬೇಕು" ಎಂದೆ.

ದ್ರಾವಣ ಬುಧವಾರ ಬಂತು. ಅದರ ಹಿಂದೆಯೇ ಆದೇಶವೂ ಬಂತು. ಗುರುವಾರ ಚನ್ನಗಿರಿಯಲ್ಲಿ ಕಾರ್ಯಾಗಾರ. ಬೆಳಿಗ್ಗೆ ಹೃದಯದ ಚಿತ್ರಣ, ಮಧ್ಯಾಹ್ನ ಗರ್ಭಿಣಿಯರ ಸಕ್ಕರೆ ಕಾಯಿಲೆ. ಡಾಕ್ಟರು, ನರ್ಸ್ ಇಬ್ಬರೂ ತಪ್ಪದೆ ಹಾಜರಾಗಬೇಕು. ಅಂದು ಗರ್ಭಿಣಿಯರು ಬರುವ ದಿನ ಎಂದು ಮೇಲಧಿಕಾರಿಗೆ ಫೋನ್ ಮಾಡಿದೆ.

"ಅವರ ಸಲುವಾಗೇ ಇದನ್ನ ಮಾಡಾಕ್ಕತ್ತಿರೋದು ಕಣ್ರೀ" ಎಂದರು.

ದೊಡ್ಡ ಊರಿನ ತಜ್ಞರು ಪರದೆಯ ಮೇಲೆ ಹೃದಯ ತೋರಿಸಿದರು. ಆ ಚಿತ್ರ ತೆಗೆಯುವ ಯಂತ್ರವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಬೂದು ಬಣ್ಣದ್ದೇನೋ ಕಂಡಿತು, ಎಲ್ಲರೂ ಗಂಭೀರವಾಗಿ ತಲೆಯಾಡಿಸಿದೆವು. ಜಗಳೂರಿನಿಂದ ಬಂದಿದ್ದ ಹಿರಿಯ ಡಾಕ್ಟರು "ಕವಾಟ ಚೆಂದ ಕಾಣ್ತೈತೆ" ಎಂದರು. ಆಗ ತಜ್ಞರಿಗೆ ಸ್ಲೈಡು ತಲೆಕೆಳಗಾಗಿರುವುದು ಗೊತ್ತಾಗಿ ತಿರುಗಿಸಿ ಹಾಕಿದರು. "ಈಗ್ಲೂ ಚೆಂದ ಐತೆ" ಎಂದರು ಹಿರಿಯರು. ಸುಳ್ಳೇಕೆ ಹೇಳಲಿ, ನಾನೂ ಎರಡು ಸಲ ತಲೆಯಾಡಿಸಿದೆ.

ಊಟಕ್ಕೆ ಹೋಳಿಗೆ, ಜಾಮೂನು. ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಬೇಕಾದವರು ಮೂರನೆಯ ಜಾಮೂನು ಹಾಕಿಸಿಕೊಂಡು "ಇವತ್ತೊಂದಿನ" ಎಂದು ನಕ್ಕರು. ಆಮೇಲೆ ಅರ್ಧ ಸಭೆ ತೂಕಡಿಸಿತು. ಭಾಷಣವೇನೋ ಚೆನ್ನಾಗಿಯೇ ಇತ್ತು. ಹಿಂದೆ ದಪ್ಪ ಮಗು ಹೊಟ್ಟೆಯಲ್ಲೇ ಸತ್ತಿದ್ದರೆ ಒಂದು ದಿನವೂ ತಡಮಾಡದೆ ಪರೀಕ್ಷಿಸಿ ಎಂದರು. ನಾನು ಅದನ್ನು ಬರೆದುಕೊಂಡು ಅಡಿಗೆರೆ ಹಾಕಿದೆ. ಸಂಜೆ ಚಿನ್ನದ ಬಣ್ಣದ ಅಂಚಿನ ಪ್ರಮಾಣಪತ್ರ ಕೊಟ್ಟರು.

ಮರುದಿನ ಜವಾನ, ಆ ಹೆಂಗಸು ಬಂದು ಕಾದು ಹೋದಳೆಂದ. ಅವಳ ಹಳ್ಳಿಗೆ ಹೇಳಿ ಕಳಿಸಿದೆ, ಬರಲಿಲ್ಲ. ನಾನೇ ಹೋಗಬಹುದಿತ್ತು. ಹೋಗಲಿಲ್ಲ.

ಎರಡು ವಾರದ ಮೇಲೆ ಅವಳನ್ನು ಗಾಡಿಯಲ್ಲಿ ಕರೆತಂದರು. ಮಗುವಿನ ಮಿಸುಕಾಟ ನಿಂತು ಎರಡು ದಿನವಾಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ನಾನು ದ್ರಾವಣ ಕಾಯಿಸಿದೆ. ಸಕ್ಕರೆ ಇದ್ದರೆ ಬರುವ ಇಟ್ಟಿಗೆ ಬಣ್ಣವೇ ಬಂತು.

"ಅವತ್ತು ಬಂದಿದ್ದೆ, ನಿಮ್ಮ ರೂಮಿನ ಬಾಗಿಲು ಹಾಕಿತ್ತು. ಎಲ್ಲಿಗೆ ಹೋಗಿದ್ರಿ ಡಾಕ್ಟ್ರಮ್ಮ?" ಎಂದು ಮಲಗಿದಲ್ಲಿಂದಲೇ ಕೇಳಿದಳು.

"ಇದೇ ಕಾಯಿಲೆ ಬಗ್ಗೆ ಕಲಿಯಾಕೆ."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ.

"ಕಲಿತ್ರಾ?" ಎಂದಳು.