ಎರಿಯಾ ನರ್ಸ್ ಅಳಿಯನಾದದ್ದು

ಬುಗಾಂಡ ಸೀಮೆಯ ನಮ್ಮ ಗುಡ್ಡದ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಚರಿತ್ರೆ ಹೇಳುವವರು ಮಿಸ್ ಪಾರ್ಟ್ರಿಜ್ ದೊರೆಸಾನಿಯಿಂದ ಶುರುಮಾಡಿ, ಅವಳ ನಾಯಿಗೂ ಒಂದು ಸಾಲು ಕೊಟ್ಟು ಮುಗಿಸುತ್ತಾರೆ. ಎರಿಯಾ ಸೆಕಿತೊನ ಹೆಸರೆತ್ತುವವರಿಲ್ಲ. ಥೂ, ಇದೂ ಒಂದು ಚರಿತ್ರೆ!

ಶಾಲೆ ಬಾಗಿಲು ಮುಚ್ಚುವುದರಲ್ಲಿತ್ತು. ಹುಡುಗಿಯರು ಬ್ಯಾಂಡೇಜು ಸುತ್ತುವುದನ್ನು ಕಲಿಯುವಷ್ಟರಲ್ಲಿ ಅಪ್ಪಂದಿರು ಬಂದು ಮದುವೆಗೆಂದು ಎಳೆದೊಯ್ಯುತ್ತಿದ್ದರು. ಬೇರೆ ದಾರಿ ಕಾಣದೆ ದೊರೆಸಾನಿ ಗಂಡಸರನ್ನೂ ಸೇರಿಸಿಕೊಂಡಳು. ಮೊದಲು ಸೇರಿದವನೇ ಎರಿಯಾ. ಬಿಳಿ ಅಂಗಿ ತೊಟ್ಟು ಸಂತೆಗೆ ಬಂದರೆ ಮಟೋಕೆ ಬಾಳೆಗೊನೆ ಮಾರುವವರೂ "ಬಂದ್ಳಪ್ಪಾ ಸಿಸ್ಟರಮ್ಮ!" ಎಂದು ನಗುತ್ತಿದ್ದರು. ನಗಲಿ ಬಿಡು ಎಂದುಕೊಂಡಿದ್ದ. ಆದರೆ ಮನಸ್ಸು ಕೊಟ್ಟ ಹುಡುಗಿ ನಾಂಟೊಂಗೊಳನ್ನು ಬಿಟ್ಟು ಬದುಕುವುದು ಅವನಿಂದಾಗುತ್ತಿರಲಿಲ್ಲ. ಅವಳಿಗೂ ಅವನೇ ಬೇಕಿತ್ತು. ಅಡ್ಡ ನಿಂತವಳು ಅವಳ ತಾಯಿ, ವಿಧವೆ ನಾಲುಬೆಗಾ.

"ಕಂಡೋರ ಬೆಡ್‌ಪ್ಯಾನ್ ತೊಳೆಯೋನಿಗೆ ಮಗಳನ್ನ ಕೊಡೋದಾ? ಅದಕ್ಕಿಂತ ಬಾವಿಗೆ ತಳ್ತೀನಿ!" ಎಂದು ಚರ್ಚಿನ ಬಾಗಿಲಲ್ಲೇ ಕೂಗಾಡಿದ್ದಳು. ಅವನ ಪರವಾಗಿ ಹೆಣ್ಣು ಕೇಳಲು ಹೋದವರೆಲ್ಲ ಉಗಿಸಿಕೊಂಡು ಬಂದರು.

ಮಳೆಗಾಲದಲ್ಲಿ ಅದೇ ಮಹಾತಾಯಿಯನ್ನು ಮಲೇರಿಯಾ ಹಿಡಿದು ಹಣ್ಣುಮಾಡಿತು. ಮಗಳು ಆಸ್ಪತ್ರೆಗೆ ತಂದಳು. ಡಾಕ್ಟರು ಸೊಂಟದ ಕೆಳಗೆ ಇಂಜೆಕ್ಷನ್ ಹೇಳಿದರು. ಸೂಜಿ ಹಿಡಿದು ಬಂದವನು ಯಾರು? ಎರಿಯಾ! ಜೊತೆಗಿದ್ದವಳು ಹೋದವಾರ ಶಾಲೆ ಸೇರಿದ ಹುಡುಗಿ. ಸೂಜಿ ಕಂಡರೆ ಅವಳಿಗೇ ತಲೆಸುತ್ತು.

ಎರಿಯಾನ ಜೀವ ಬಾಯಿಗೆ ಬಂತು. ನಮ್ಮ ಬುಗಾಂಡದಲ್ಲಿ ಅಳಿಯ ಅತ್ತೆಯನ್ನು ಮುಟ್ಟಬಾರದು. ಮುಟ್ಟಿದರೆ ಕೈಕಾಲು ನಡುಗುವ ರೋಗ ಹತ್ತುತ್ತದೆಂದು ಪಾದ್ರಿಗಳೂ ಒಳಗೊಳಗೇ ನಂಬುತ್ತಾರೆ. ಇವತ್ತು ಇವಳ ಬಟ್ಟೆ ಸರಿಸಿದರೆ ಅಳಿಯನಾಗುವ ಆಸೆ ಮಣ್ಣುಪಾಲು. ಸರಿಸದಿದ್ದರೆ ಇವಳೇ ಮಣ್ಣುಪಾಲು. ನಾಂಟೊಂಗೊ ಅವನ ಮುಖವನ್ನೇ ನೋಡುತ್ತಿದ್ದಳು, ಪಾಪ.

"ಅಮ್ಮಾ, ಮಗ್ಗುಲಾಗಿ," ಎಂದ.

ನಾಲುಬೆಗಾ ಕಣ್ಣು ಬಿಟ್ಟಳು. ಸೂಜಿ ಕಂಡಳು, ಅವನನ್ನು ಕಂಡಳು, ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮುಟ್ಟಿಗಿಟ್ಟೀಯ! ಅತ್ತೇನ ಯಾರಾದ್ರೂ ಮುಟ್ತಾರೇನೋ?"

"ಯಾರಮ್ಮ ಅತ್ತೆ?"

"ನಾನೇ ಕಣೋ! ನನ್ನ ಮಗಳನ್ನ ಕಟ್ಕೊಳ್ಳೋನು ನೀನಲ್ವಾ? ದೂರ ನಿಲ್ಲು ಅಳಿಯಾ!"

ವಾರ್ಡಿನಲ್ಲಿ ಹಾಸಿಗೆ ಹಿಡಿದ ಹೆಂಗಸರೂ ಎದ್ದು ಕುಳಿತು ಕೇಕೆ ಹಾಕಿದರು. ಇಷ್ಟು ಜನ ಸಾಕ್ಷಿಯಿರುವಾಗ ಮಾತು ಹಿಂದೆಗೆಯುವುದೆಲ್ಲಿ? ನಾಂಟೊಂಗೊ ಮುಖ ಮುಚ್ಚಿಕೊಂಡು ಖುಷಿಗೆ ಅತ್ತಳು.

ಎರಿಯಾ ಸೂಜಿಯನ್ನು ಹೊಸ ಹುಡುಗಿಯ ಕೈಗಿತ್ತು ಪರದೆಯಾಚೆ ಹೋಗಿ ನಿಂತ. ಹುಡುಗಿ ಕಣ್ಣು ಮುಚ್ಚಿ ಚುಚ್ಚಿದಳು. ತಪ್ಪಿತು. ಮತ್ತೆ ಚುಚ್ಚಿದಳು.

"ಅಯ್ಯಯ್ಯೋ ಸತ್ತೆ!" ಪರದೆಯೊಳಗಿಂದ ನಾಲುಬೆಗಾ ಕಿರುಚಿದಳು. "ಅಳಿಯಾ, ಬಾಯಲ್ಲಾದ್ರೂ ಹೇಳ್ಕೊಡೋ ಇವಳಿಗೆ!"